ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೊ ತೆಗೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಎಲ್ಲಿಗೆ ಹೋದರೂ ಯಾರಾದರೊಬ್ಬರು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ, ಜೋಗದ ವ್ಯೂ ಪಾಯಿಂಟಿನಲ್ಲಿ, ಬಸ್ಸಿನ ಪಕ್ಕದ ಸೀಟಿನಲ್ಲಿ. ಹತ್ತು ಹನ್ನೆರಡು ವರ್ಷದಲ್ಲಿ ಆ ಪ್ರಶ್ನೆಗಳೇನೂ ಜಾಸ್ತಿ ಬದಲಾಗಿಲ್ಲ. ನಾನು ಹವ್ಯಾಸಿ, ಇದು ನನ್ನ ಹೊಟ್ಟೆಪಾಡಲ್ಲ. ತಪ್ಪು ಮಾಡಿ ಮಾಡಿ ಕಲಿತದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊಬೈಲಿನಲ್ಲೇ ಇಷ್ಟು ಚೆನ್ನಾಗಿ ಬರುತ್ತದೆ. ಕ್ಯಾಮೆರಾ ಯಾಕೆ?

ಬೇಡ ಅನ್ನಿಸಿದರೆ ಬೇಡ. ಹಗಲಿನಲ್ಲಿ, ಹತ್ತಿರದಲ್ಲಿರುವುದನ್ನು ತೆಗೆದು ಮನೆಯವರಿಗೆ ಕಳಿಸುವುದಾದರೆ ಮೊಬೈಲೇ ಸಾಕು. ನಾನೂ ಹಾಗೇ ಮಾಡುತ್ತೇನೆ.

ಕ್ಯಾಮೆರಾ ಬೇಕಾಗುವುದು ಮೂರು ಕಡೆ: ದೂರದ್ದು, ಓಡುವುದು, ಕತ್ತಲೆಯದ್ದು. ಫೋನಿನೊಳಗೆ ಬೆಳಕು ಹಿಡಿಯುವ ಸೆನ್ಸರ್ ಕಿರುಬೆರಳ ಉಗುರಿನಷ್ಟೋ ಅದಕ್ಕಿಂತ ಚಿಕ್ಕದೋ ಇರುತ್ತದೆ. ಎಪಿಎಸ್-ಸಿ ಎನ್ನುವ ಮಧ್ಯಮ ಗಾತ್ರದ ಕ್ಯಾಮೆರಾ ಸೆನ್ಸರ್ ಸುಮಾರು 23×15 ಮಿ.ಮೀ. ಫುಲ್ ಫ್ರೇಮ್ ಅಂದರೆ ಹಳೇ ರೀಲಿನ ಅಳತೆ, 36×24 ಮಿ.ಮೀ. ಅಂಗಳ ದೊಡ್ಡದಿದ್ದಷ್ಟೂ ಹೆಚ್ಚು ಮಳೆ ಬೀಳುತ್ತದೆ ಅಲ್ವಾ, ಬೆಳಕಿನ ಲೆಕ್ಕವೂ ಅದೇ. ಕಡಿಮೆ ಬೆಳಕಿನಲ್ಲಿ ಫೋನು ಹಲವು ಫೋಟೊ ತೆಗೆದು ಒಂದರ ಮೇಲೊಂದು ಜೋಡಿಸಿ ಜಾಣತನ ಮಾಡುತ್ತದೆ. ಕಟ್ಟಡಕ್ಕೆ ಅದು ಸರಿ. ಕುಣಿಯುವ ಮಗುವಿಗೆ ನಡೆಯುವುದಿಲ್ಲ.

ಎಷ್ಟು ಮೆಗಾಪಿಕ್ಸೆಲ್ ಇರಬೇಕು?

ಒಂದು ಮೆಗಾಪಿಕ್ಸೆಲ್ ಅಂದರೆ ಚಿತ್ರದ ಹತ್ತು ಲಕ್ಷ ಚುಕ್ಕೆ. ಅಂಗಡಿಯವರು ಮೊದಲು ಹೇಳುವುದೇ ಈ ಸಂಖ್ಯೆ. ನೀವು ಕೊನೆಗೆ ಕೇಳಬೇಕಾದದ್ದೂ ಇದೇ. 4×6 ಇಂಚಿನ ಪ್ರಿಂಟಿಗೆ ಎರಡು ಮೆಗಾಪಿಕ್ಸೆಲ್ ಸಾಕು. ಗೋಡೆಗೆ ಹಾಕುವ 12×18 ಇಂಚಿಗೆ, ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ, ಇಪ್ಪತ್ತಕ್ಕಿಂತ ಒಂದಿಷ್ಟು ಕಡಿಮೆ. ಈಗ ಸಿಗುವ ಬಹುಪಾಲು ಕ್ಯಾಮೆರಾಗಳು 20ರಿಂದ 26ರ ಆಸುಪಾಸಿನಲ್ಲಿವೆ. ಅಲ್ಲಿಗೆ ಮುಗಿಯಿತು.

1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮೆರಾದ್ದು 0.01 ಮೆಗಾಪಿಕ್ಸೆಲ್. ಒಂದು ಫೋಟೊ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಮೆಮೊರಿ ಕಾರ್ಡು ನಿಧಾನ ಎಂದು ಗೊಣಗುವಾಗ ನಾನು ಇದನ್ನು ನೆನಪಿಸಿಕೊಳ್ಳುತ್ತೇನೆ.

ಡಿಎಸ್‌ಎಲ್‌ಆರ್ ತೆಗೆದುಕೊಳ್ಳಲಾ, ಮಿರರ್‌ಲೆಸ್ಸಾ?

ಡಿಎಸ್‌ಎಲ್‌ಆರ್ ಒಳಗೆ ನೋಟವನ್ನು ಕಣ್ಣಿಗೆ ತಿರುಗಿಸುವ ಕನ್ನಡಿ ಇರುತ್ತದೆ, ಮಿರರ್‌ಲೆಸ್ಸಿನಲ್ಲಿ ಅದಿಲ್ಲ. ಹೊಸದು ಕೊಳ್ಳುವುದಾದರೆ ಮಿರರ್‌ಲೆಸ್. ಕ್ಯಾನನ್, ನಿಕಾನ್ ಎರಡೂ 2018ರಲ್ಲಿ ಫುಲ್ ಫ್ರೇಮ್ ಮಿರರ್‌ಲೆಸ್ಸಿಗೆ ಬಂದವು. ಆಮೇಲೆ ಹೊಸ ಲೆನ್ಸುಗಳೆಲ್ಲ ಹೆಚ್ಚುಕಡಿಮೆ ಅದಕ್ಕೇ ಬರುತ್ತಿವೆ.

ದುಡ್ಡು ಕಡಿಮೆ ಇದ್ದರೆ ಮಾತ್ರ ನನ್ನ ಸಲಹೆ ಬೇರೆ: ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್. ಎಲ್ಲರೂ ಮಾರುತ್ತಿದ್ದಾರೆ, ಆದ್ದರಿಂದ ಅಗ್ಗ. ಅದರಿಂದ ಕೆಟ್ಟ ಫೋಟೊ ಬಂದರೆ ತಪ್ಪು ಕನ್ನಡಿಯದ್ದಲ್ಲ. ಕೊಳ್ಳುವ ಮುಂಚೆ ಲೆನ್ಸು ಬಿಚ್ಚಿ, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯ ಎಳೆಗಳಂತೆ ಏನಾದರೂ ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ವಾಪಸ್ ಕೊಡಿ. ನಂತರ ಲೆನ್ಸಿನ ಕಿಂಡಿ ಚಿಕ್ಕದು ಮಾಡಿ, ಎಫ್ 16ರಲ್ಲಿ ಬರೀ ಆಕಾಶದ ಒಂದು ಫೋಟೊ ತೆಗೆಯಿರಿ. ಕಪ್ಪು ಚುಕ್ಕೆ ಬಂದರೆ ಸೆನ್ಸರಿನ ಮೇಲೆ ಧೂಳಿದೆ. ಅದನ್ನು ಒರೆಸಬಹುದು, ಚೌಕಾಸಿಗೂ ಬಳಸಬಹುದು.

ಮೇಲಿನ ಚಕ್ರದಲ್ಲಿ ಇಷ್ಟೊಂದು ಅಕ್ಷರ ಇವೆ. ಯಾವುದರಲ್ಲಿ ಇಡಲಿ?

ಹೆಚ್ಚಿನವರಿಗೆ ‘ಎ’ ಸಾಕು. ಕ್ಯಾನನ್‌ನಲ್ಲಿ ಅದನ್ನು ‘ಎವಿ’ ಎಂದು ಬರೆದಿರುತ್ತಾರೆ. ಅದರಲ್ಲಿ ಲೆನ್ಸಿನ ಕಿಂಡಿ ಎಷ್ಟು ತೆರೆಯಬೇಕು ಎನ್ನುವುದನ್ನು ನೀವು ಹೇಳುತ್ತೀರಿ, ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕು ಎನ್ನುವ ಶಟರ್ ವೇಗವನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ. ಕಿಂಡಿಯ ಅಂಕಿ ಉಲ್ಟಾ ಎನ್ನುವುದೊಂದು ನೆನಪಿರಲಿ: ಎಫ್ 2.8 ದೊಡ್ಡ ಕಿಂಡಿ, ಎಫ್ 16 ಚಿಕ್ಕದು. ದೊಡ್ಡ ಕಿಂಡಿಯಲ್ಲಿ ಮುಖ ಸ್ಪಷ್ಟವಾಗಿ, ಹಿಂದಿನದೆಲ್ಲ ಮಸುಕಾಗಿ ಬರುತ್ತದೆ. ಬೆಟ್ಟ, ಗದ್ದೆ, ದೇವಸ್ಥಾನ ಪೂರ್ತಿ ಸ್ಪಷ್ಟವಾಗಿ ಬೇಕಾದರೆ ಎಫ್ 8.

ಹಕ್ಕಿ, ಕಂಬಳದ ಕೋಣ, ಕಬಡ್ಡಿ ಇಂಥದ್ದಕ್ಕೆ ‘ಎಸ್’ ಅಥವಾ ‘ಟಿವಿ’. ಇಲ್ಲಿ ಶಟರ್ ವೇಗ ನಿಮ್ಮ ಕೈಯಲ್ಲಿ. ಎಲ್ಲವನ್ನೂ ನೀವೇ ಹೇಳಬೇಕಾದ ‘ಎಂ’ನಲ್ಲಿ ತೆಗೆದರೆ ಮಾತ್ರ ನಿಜವಾದ ಫೋಟೊಗ್ರಾಫರ್ ಅಂತ ಯಾರಾದರೂ ಹೇಳಿದರೆ ತಲೆ ಆಡಿಸಿ ಮುಂದೆ ಹೋಗಿ.

ಕಪ್ಪು ಎಮ್ಮೆ ಬೂದಿ ಬಣ್ಣಕ್ಕೆ ಬಂದಿದೆ, ಅಜ್ಜನ ಬಿಳಿ ಪಂಚೆ ಮಂಕಾಗಿದೆ. ಕ್ಯಾಮೆರಾ ಹಾಳಾಗಿದೆಯಾ?

ಇಲ್ಲ. ಈ ಒಂದು ಪ್ರಶ್ನೆ ಅರ್ಥವಾದರೆ ಅರ್ಧ ವಿದ್ಯೆ ಬಂದ ಹಾಗೆ. ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಎದುರಿಗಿರುವುದು ಎಮ್ಮೆಯೋ ಪಂಚೆಯೋ ಕ್ಯಾಮೆರಾದ ಮೀಟರಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬೆಳಕಿನ ಪ್ರಮಾಣ ಮಾತ್ರ. ಲೋಕದಲ್ಲಿ ಕಪ್ಪು ಬಿಳುಪು ಎಲ್ಲ ಕಲಸಿದರೆ ಒಂದು ಮಧ್ಯಮ ಬೂದು ಆಗುತ್ತದೆ ಎಂದು ಅದು ನಂಬಿದೆ. ಫೋಟೊಗ್ರಫಿಯಲ್ಲಿ ಅದನ್ನು ಶೇಕಡಾ 18ರ ಬೂದು ಎನ್ನುತ್ತಾರೆ. ಚೌಕಟ್ಟಿನ ತುಂಬ ಎಮ್ಮೆ ನಿಂತರೆ ‘ಅಯ್ಯೋ, ಕತ್ತಲೆ’ ಎಂದು ಬೆಳಕು ಹೆಚ್ಚಿಸುತ್ತದೆ. ಎಮ್ಮೆ ಬೂದಿಯಾಗುತ್ತದೆ. ಪಂಚೆ ತುಂಬಿಕೊಂಡರೆ ‘ಇಷ್ಟು ಬೆಳಕು ಬೇಡ’ ಎಂದು ಇಳಿಸುತ್ತದೆ. ಅದೂ ಬೂದಿಯೇ. ಈಗಿನ ಕ್ಯಾಮೆರಾಗಳು ಮುಖ ಗುರುತಿಸಿ ಒಂದಿಷ್ಟು ತಿದ್ದಿಕೊಳ್ಳುತ್ತವೆ, ಆದರೆ ಹುಟ್ಟುಗುಣ ಹೋಗಿಲ್ಲ.

ತಿದ್ದಲು ಪ್ಲಸ್-ಮೈನಸ್ ಗುರುತಿನ ಒಂದು ಬಟನ್ ಅಥವಾ ಚಕ್ರ ಇರುತ್ತದೆ. ಎಮ್ಮೆಗೆ ಮೈನಸ್ 1, ಪಂಚೆಗೆ ಪ್ಲಸ್ 1. ಒಂದು ಹೆಜ್ಜೆ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ. ಅಂದರೆ ಬೆಳ್ಳಗಿದ್ದರೆ ಇಳಿಸಬೇಕು ಎಂದು ಮನಸ್ಸು ಹೇಳುತ್ತದೆ, ಮಾಡಬೇಕಾದದ್ದು ಅದರ ಉಲ್ಟಾ. ಕೈಗೆ ರೂಢಿಯಾಗಲು ನನಗೆ ಒಂದು ಮಳೆಗಾಲ ಹಿಡಿಯಿತು.

ಒಂದು ಗಂಟು ಇದೆ. ಕಡು ಹಸಿರು ಮರದ ನಡುವೆ ಒಂದೇ ಒಂದು ಬೆಳ್ಳಕ್ಕಿ ಕೂತಿದೆ ಅನ್ನಿ. ಹಕ್ಕಿ ಬಿಳಿ, ಹಾಗಾಗಿ ಪ್ಲಸ್ ಅಂದುಕೊಂಡರೆ ಕೆಟ್ಟಿರಿ. ಇಲ್ಲಿ ಚೌಕಟ್ಟಿನ ತುಂಬ ಇರುವುದು ಕಪ್ಪು ಮರ. ಮೀಟರು ಅದನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಬೆಳ್ಳಕ್ಕಿಯ ಗರಿಗಳು ಸುಣ್ಣ ಬಳಿದ ಹಾಗೆ ಒಂದೇ ಬಿಳುಪಾಗುತ್ತವೆ. ಅದಕ್ಕೆ ಮೈನಸ್. ನಿಮಗೆ ಬೇಕಾದದ್ದು ಯಾವುದು ಎನ್ನುವುದಕ್ಕಿಂತ ಚೌಕಟ್ಟಿನಲ್ಲಿ ಜಾಸ್ತಿ ಜಾಗ ಯಾವುದರದ್ದು ಎಂದು ನೋಡಿ.

ಫೋಟೊ ಅಲುಗಿದ ಹಾಗೆ ಬರುತ್ತದೆ.

ಯಾವ ಥರ ಅಲುಗಿದೆ ನೋಡಿ. ಚಿತ್ರವೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ನಡುಗಿದೆ. ಹಿನ್ನೆಲೆ ಸ್ಪಷ್ಟವಾಗಿದ್ದು ಮಗು ಮಾತ್ರ ಎಳೆದಂತೆ ಮಸುಕಾದರೆ ಮಗು ಓಡಿದೆ. ಸುಮ್ಮನೆ ನಿಂತ ಮಗುವೂ ಮಸುಕಾಗಿ, ಅದರ ಹಿಂದಿನ ಬಾಗಿಲು ಸ್ಪಷ್ಟವಾಗಿ ಬಂದಿದ್ದರೆ ಫೋಕಸ್ ಅಲ್ಲಿಗೆ ಹೋಗಿದೆ.

ಕೈ ನಡುಕಕ್ಕೆ ಹಳೇ ಲೆಕ್ಕ ಒಂದಿದೆ. ಲೆನ್ಸಿನ ಮೇಲೆ ಬರೆದಿರುವ ಮಿ.ಮೀ. ಎಷ್ಟೋ (ಈ ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಶಟರ್ ಅದಕ್ಕಿಂತ ವೇಗ ಇರಬೇಕು. 200 ಮಿ.ಮೀ.ಗೆ 1/200 ಸೆಕೆಂಡು. ಎಪಿಎಸ್-ಸಿ ಕ್ಯಾಮೆರಾದಲ್ಲಿ ಒಂದೂವರೆ ಪಟ್ಟು, ಅಂದರೆ 1/300. ಓಡುವ ಮಗುವಿಗೆ 1/500 ಬೇಕು, ಲೆನ್ಸು ಯಾವುದಾದರೂ ಸರಿ. ಬೆಳಕು ಸಾಲದಿದ್ದರೆ, ಹಿಡಿದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಎಂದು ಹೇಳುವ ಐಎಸ್‌ಒ ಏರಿಸಿ. 3200ಕ್ಕೆ ಹೋದರೆ ಕಾಳು ಕಾಳಾಗುತ್ತದೆ ಎಂದು ಹೆದರುತ್ತಾರೆ. ಕಾಳಿರುವ ಫೋಟೊ ನೋಡಬಹುದು, ಅಲುಗಿದ್ದನ್ನು ಏನೂ ಮಾಡಲಾಗದು.

ಬೇಲೂರು, ಹಳೇಬೀಡಿಗೆ ಹೋಗಿ ಬಂದೆ. ಕೆತ್ತನೆ ಎಲ್ಲ ಚಪ್ಪಟೆಯಾಗಿ ಬಂದಿದೆ. ಯಾಕೆ?

ಮಧ್ಯಾಹ್ನ ಹೋಗಿರಬೇಕು, ಇಲ್ಲವೇ ಸೂರ್ಯನಿಗೆ ಬೆನ್ನು ಹಾಕಿ ನಿಂತಿರಬೇಕು. ಕೆತ್ತನೆ ಕಾಣುವುದು ಕಲ್ಲಿನಿಂದಲ್ಲ, ಅದರ ನೆರಳಿನಿಂದ. ಬೆಳಕು ಗೋಡೆಯನ್ನು ಪಕ್ಕದಿಂದ ಸವರಿಕೊಂಡು ಹೋಗಬೇಕು. ಆಗ ಒಂದೊಂದು ಮಣಿಸರಕ್ಕೂ ಪುಟ್ಟ ನೆರಳು ಬಿದ್ದು ಅದು ಎದ್ದು ಬರುತ್ತದೆ.

ಚಳಿಗಾಲದಲ್ಲಿ ಬೆಳಗ್ಗೆ ಎಂಟರ ಹೊತ್ತಿಗೆ ದಕ್ಷಿಣದ ಗೋಡೆ ನೋಡಿ. ಆ ತಿಂಗಳುಗಳಲ್ಲಿ ಉತ್ತರದ ಗೋಡೆಗೆ ನೇರ ಬಿಸಿಲು ಬೀಳುವುದಿಲ್ಲ. ಅಲ್ಲಿ ಕಾದು ಕೂತರೆ ವ್ಯರ್ಥ. ಹೊಯ್ಸಳರ ಗೋಡೆಗಳು ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗುತ್ತವೆ. ಆದ್ದರಿಂದ ಒಂದು ಮುಖಕ್ಕೆ ಬೆಳಕು ನೇರ ಬಿದ್ದಿದ್ದರೆ ಪಕ್ಕದ ಮುಖಕ್ಕೆ ಓರೆಯಾಗಿ ಬಿದ್ದಿರುತ್ತದೆ. ಎರಡು ಹೆಜ್ಜೆ ಸರಿದರೆ ಸಾಕು. ಬೇಲೂರಿನ ಮದನಿಕೆಯರ ಕಥೆ ಬೇರೆ. ಅವರು ಸೂರಿನ ಕೆಳಗಿದ್ದಾರೆ. ಹೊತ್ತೇರಿದ ಮೇಲೆ ಅಂಗಳದ ಹಾಸುಗಲ್ಲಿನಿಂದ ಪುಟಿದ ಬೆಳಕು ಕೆಳಗಿನಿಂದ ಅವರ ಮುಖಕ್ಕೆ ಬೀಳುತ್ತದೆ. ಕಾಲು ಸುಡುತ್ತದೆ, ಸಾಕ್ಸ್ ತೆಗೆದುಕೊಂಡು ಹೋಗಿ.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಗೇಟಿನಲ್ಲಿ ವಾದ ಮಾಡಿ ಉಪಯೋಗವಿಲ್ಲ.

ಮೈಸೂರು ಅರಮನೆಯ ದೀಪಾಲಂಕಾರ ತೆಗೆಯುವುದು ಹೇಗೆ?

ಭಾನುವಾರ ಸಂಜೆ ಏಳರ ಸುಮಾರಿಗೆ ಲಕ್ಷದ ಹತ್ತಿರ ಬಲ್ಬುಗಳು ಒಟ್ಟಿಗೆ ಹತ್ತಿಕೊಳ್ಳುತ್ತವೆ. ಎಲ್ಲರೂ ‘ಹೋ’ ಎನ್ನುತ್ತಾರೆ. ಫೋಟೊದಲ್ಲಿ ಮಾತ್ರ ಕಪ್ಪು ಹಲಗೆಗೆ ಚಿನ್ನದ ಚುಕ್ಕಿ ಅಂಟಿಸಿದ ಹಾಗೆ ಬರುತ್ತದೆ, ಯಾಕೆಂದರೆ ಆಕಾಶ ಸತ್ತಿದೆ.

ಯಾವ ತಿಂಗಳು ಹೋಗುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ನವೆಂಬರಿನಲ್ಲಿ ಮೈಸೂರಿನಲ್ಲಿ ಸೂರ್ಯ ಮುಳುಗುವುದು 5.50ರ ಆಸುಪಾಸು. ಏಳಕ್ಕೆ ಗಾಢ ಕತ್ತಲೆ. ಜೂನ್ ಕೊನೆಗೆ 6.50. ಏಳಕ್ಕೆ ದೀಪ ಹತ್ತುವಾಗ ಆಕಾಶದಲ್ಲಿ ಇನ್ನೂ ನೀಲಿ ಇರುತ್ತದೆ. ಮೋಡ ಬಿಟ್ಟುಕೊಟ್ಟರೆ ಹತ್ತು ಹದಿನೈದು ನಿಮಿಷ ದೀಪದ ಬಂಗಾರ, ಆಕಾಶದ ನೀಲಿ ಎರಡೂ ಸಮ ತೂಗುತ್ತವೆ. ದಸರಾದ ಜನಜಂಗುಳಿಯಲ್ಲಿ ಮೊಣಕೈ ತಿನ್ನುವುದಕ್ಕಿಂತ ಜೂನಿನ ಒಂದು ಭಾನುವಾರ ನನಗೆ ಇಷ್ಟ.

ಜೋಗದ ನೀರು ಹಾಲಿನ ಹಾಗೆ ಬರಬೇಕು.

ಕ್ಯಾಮೆರಾ ಅಲುಗದಂತೆ ಇಟ್ಟು ಶಟರನ್ನು ಅರ್ಧ ಸೆಕೆಂಡಿನಷ್ಟು ತೆರೆದಿಡಬೇಕು. ಐಎಸ್‌ಒ 100, ಎಫ್ 11. ಹಗಲಿನಲ್ಲಿ ಅಷ್ಟಕ್ಕೂ ಬೆಳಕು ಹೆಚ್ಚಾದರೆ ಎನ್‌ಡಿ ಎನ್ನುವ ಕಪ್ಪು ಗಾಜು ಹಾಕಬೇಕು. ಎರಡು ಸೆಕೆಂಡಿನ ಟೈಮರ್ ಇಡಿ, ಬಟನ್ ಒತ್ತುವಾಗಿನ ನಡುಕವೂ ತಪ್ಪುತ್ತದೆ.

ಆದರೆ ಎಲ್ಲ ಜಲಪಾತವೂ ಹಾಲೇ ಯಾಕಾಗಬೇಕು? 253 ಮೀಟರ್ ಎತ್ತರದಿಂದ ಬೀಳುವ ರಾಜನ ಗಾಂಭೀರ್ಯ, ರೋರರ್‌ನ ಅಬ್ಬರ ರೇಷ್ಮೆ ಸೀರೆ ಮಾಡಿದರೆ ಉಳಿಯುವುದಿಲ್ಲ. ಒಮ್ಮೆ 1/1000ದಲ್ಲಿ ತೆಗೆದು ನೋಡಿ. ಇನ್ನು ಮಳೆಗಾಲದಲ್ಲಿ ನೀರಿದ್ದರೆ ಮಂಜೂ ಇರುತ್ತದೆ. ಅರ್ಧ ಗಂಟೆ ಏನೂ ಕಾಣದೆ ಆಮೇಲೆ ಎರಡು ನಿಮಿಷ ತೆರೆದುಕೊಳ್ಳುತ್ತದೆ. ಬಿಸಿ ಮೆಣಸಿನ ಬಜ್ಜಿ ತಿನ್ನಲು ಹೋದವರಿಗೆ ಆ ಎರಡು ನಿಮಿಷ ತಪ್ಪಿಹೋಗುತ್ತದೆ. ಅನುಭವದ ಮಾತು.

ರಂಗನತಿಟ್ಟಿಗೆ ಎಷ್ಟು ದೊಡ್ಡ ಲೆನ್ಸ್ ಬೇಕು?

300 ಮಿ.ಮೀ. ಇದ್ದರೆ ಧಾರಾಳ. ದೋಣಿಯವರು ಹತ್ತಿರಕ್ಕೇ ಕರೆದುಕೊಂಡು ಹೋಗುತ್ತಾರೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗೆ 200 ಸಾಕು. ದೋಣಿಯಲ್ಲಿ ಟ್ರೈಪಾಡ್ ದಂಡ, ದೋಣಿ ಅಲುಗಿದರೆ ಅದೂ ಅಲುಗುತ್ತದೆ. ಶಟರ್ 1/1000 ಇಡಿ, ಐಎಸ್‌ಒ ಆಟೊ ಬಿಡಿ. ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ನೋಡಲು ಬೇಸಿಗೆಯ ಮುಂಚಿನ ತಿಂಗಳುಗಳು ಒಳ್ಳೆಯವು. ಬೆಳಗಿನ ಮೊದಲ ದೋಣಿ ಹಿಡಿಯಿರಿ. ಹತ್ತು ಗಂಟೆ ಆದ ಮೇಲೆ ಬೆಳಕೂ ಬಿರುಸು, ದೋಣಿಯಲ್ಲಿ ಗದ್ದಲವೂ ಬಿರುಸು.

ಯಕ್ಷಗಾನದ ಫೋಟೊದಲ್ಲಿ ಅಡ್ಡ ಅಡ್ಡ ಪಟ್ಟೆ ಬರುತ್ತದೆ. ಏನಿದು?

ದೀಪದ ಆಟ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತಿನದ್ದು. ಅದರಿಂದ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಎಲ್ಲ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರ್ 1/500 ಇಟ್ಟರೆ ಚಿತ್ರದ ಒಂದು ಭಾಗ ದೀಪ ಹೊಳೆದಾಗ, ಇನ್ನೊಂದು ಭಾಗ ಮಂಕಾದಾಗ ದಾಖಲಾಗಿ ಪಟ್ಟೆ ಮೂಡುತ್ತದೆ. 1/100 ಅಥವಾ 1/50 ಇಡಿ. ಸೈಲೆಂಟ್ ಎಂದು ಬರೆದಿರುವ ಎಲೆಕ್ಟ್ರಾನಿಕ್ ಶಟರ್ ಬೇಡ.

1/100ರಲ್ಲಿ ಧೀಂಗಿಣ ಹೊಡೆಯುವ, ಅಂದರೆ ಗಿರಗಿರ ತಿರುಗುತ್ತ ಹಾರುವ ವೇಷ ಹಿಡಿಯುವುದು ಹೇಗೆ ಅಂದರೆ, ಕಿವಿಯಿಂದ. ಚಂಡೆಯ ಬಿಡ್ತಿಗೆ ಎನ್ನುವ ಬಡಿತ ಮುಗಿಯುವ ಹೊತ್ತಿಗೆ ವೇಷಧಾರಿ ಒಂದು ಕ್ಷಣ ನಿಲ್ಲುತ್ತಾರೆ, ಆಗ ಒತ್ತಬೇಕು. ಆಟ ಗೊತ್ತಿದ್ದವನಿಗೆ ಒಳ್ಳೆಯ ಫೋಟೊ ಸಿಗುತ್ತದೆ, ದುಬಾರಿ ಕ್ಯಾಮೆರಾ ಇದ್ದವನಿಗೆ ಸಿಗುತ್ತದೆ ಅಂತೇನಿಲ್ಲ. ಇನ್ನು ನನ್ನನ್ನು ಕೇಳಿದರೆ ರಂಗಸ್ಥಳಕ್ಕಿಂತ ವೇಷ ಕಟ್ಟುವ ಚೌಕಿಯೇ ಚೆಂದ. ಕೇಳಿ ಒಳಗೆ ಹೋಗಿ, ಮೂಲೆಯಲ್ಲಿ ಕೂತುಕೊಳ್ಳಿ, ಬಣ್ಣ ಹಚ್ಚುವವರ ಬೆಳಕಿಗೆ ಅಡ್ಡ ಬರಬೇಡಿ. ಫ್ಲ್ಯಾಶ್ ಎರಡೂ ಕಡೆ ಬೇಡ.

ರಾ ಫೈಲ್ ತೆಗೆಯಲೇಬೇಕಾ?

ಕಂಪ್ಯೂಟರಿನಲ್ಲಿ ಕೂತು ತಿದ್ದುವ ತಾಳ್ಮೆ ಇದ್ದರೆ ತೆಗೆಯಿರಿ. ಜೆಪೆಗ್ ಕ್ಯಾಮೆರಾವೇ ಬೇಯಿಸಿ ಬಡಿಸಿದ ಊಟ, ರಾ ಅಂದರೆ ಸೆನ್ಸರ್ ಹಿಡಿದದ್ದು ಹಾಗೇ, ಸಂತೆಯಿಂದ ತಂದ ತರಕಾರಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ. 14 ಬಿಟ್ ರಾದಲ್ಲಿ 16,384. ಕತ್ತಲಾದ ಮುಖವನ್ನು ಮೇಲೆತ್ತಬೇಕಾದಾಗ ಈ ವ್ಯತ್ಯಾಸ ಕಾಣುತ್ತದೆ. ಮೊದಲ ಆರು ತಿಂಗಳು ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಿ. ರಾ ಫೈಲು ಸುಮ್ನೆ ಬಿದ್ದಿರಲಿ, ಮುಂದೊಂದು ದಿನ ಬೇಕಾಗುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಕ್ಯಾಮೆರಾ ಕಾಪಾಡುವುದು ಹೇಗೆ?

ಇದು ನನ್ನ ಗಾಯದ ಪ್ರಶ್ನೆ. ಮೊದಲ 50 ಮಿ.ಮೀ. ಲೆನ್ಸನ್ನು ಚಂದದ ಚರ್ಮದ ಚೀಲದಲ್ಲಿ ಹಾಕಿ, ಬಟ್ಟೆ ಸುತ್ತಿ, ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದೆ. ಗೌರವ ಅಂತ. ಗಣಪತಿ ಹಬ್ಬಕ್ಕೆ ತೆಗೆದು ನೋಡಿದರೆ ಗಾಜಿನೊಳಗೆ ಬೂಷ್ಟು ರಂಗೋಲಿ ಹಾಕಿತ್ತು. ರಿಪೇರಿಯವನು ಒರೆಸಿ ಕೊಟ್ಟ, ಆದರೆ ಗಾಜಿನ ಲೇಪವನ್ನೇ ಅದು ತಿಂದಿತ್ತು. ಇವತ್ತಿಗೂ ಬೆಳಕಿಗೆ ಎದುರಾಗಿ ಹಿಡಿದರೆ ಮಂಜು ಮಂಜು.

ಬೂಷ್ಟಿಗೆ ಬೇಕಾದದ್ದು ತೇವ, ಕತ್ತಲೆ, ಅಲುಗದ ಗಾಳಿ. ಟ್ರಂಕಿನಲ್ಲಿ ಮೂರೂ ಇತ್ತು. ಈಗ ನಾನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್ ಇಟ್ಟಿದ್ದೇನೆ. ತೇವಾಂಶ ಶೇಕಡಾ 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. 60 ದಾಟಿದರೆ ಜೆಲ್ ಬಿಸಿ ಮಾಡಿ ಒಣಗಿಸುತ್ತೇನೆ. ನೀಲಿ ಜೆಲ್ ಗುಲಾಬಿಯಾದರೆ ನೀರು ಕುಡಿದಿದೆ ಎಂದರ್ಥ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಬಾಣಲೆಯಲ್ಲಿ ಹುರಿಯಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯವೂ ಬೇಡ. ಅಕ್ಕಿಯ ಹುಡಿ ಲೆನ್ಸಿನ ಸಂದಿಗೆಲ್ಲ ಇಳಿಯುತ್ತದೆ.

ಎಲ್ಲಕ್ಕಿಂತ ಅಗ್ಗದ ಮದ್ದು ವಾರಕ್ಕೊಮ್ಮೆ ಹೊರಗೆ ತೆಗೆದು ಬಳಸುವುದು. ಎಸಿ ಕಾರಿನಿಂದ ಮಂಗಳೂರಿನ ಸೆಕೆಗೆ ಇಳಿದಾಗ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಚೀಲದ ಜಿಪ್ ಹಾಕಿಯೇ ಅರ್ಧ ಗಂಟೆ ಬಿಡಿ. ಆತುರಕ್ಕೆ ಬಿಚ್ಚಿದರೆ ಹಬೆ ಒಳಗೂ ಹೋಗುತ್ತದೆ.

ಕಾರ್ಡಿನಿಂದ ಫೋಟೊ ಅಳಿಸಿಹೋಯಿತು. ವಾಪಸ್ ಬರುತ್ತದಾ?

ಬರುವ ಸಾಧ್ಯತೆ ಇದೆ, ಆ ಕಾರ್ಡಿನಲ್ಲಿ ಮತ್ತೆ ಏನನ್ನೂ ತೆಗೆಯದಿದ್ದರೆ. ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ವಿಳಾಸ ಮಾತ್ರ, ಮನೆ ಅಲ್ಲೇ ಇರುತ್ತದೆ. ಹೊಸ ಫೋಟೊ ಬಂದು ಆ ಮನೆ ಕೆಡವುತ್ತದೆ. ಕಾರ್ಡು ತಕ್ಷಣ ಹೊರಗೆ ತೆಗೆದು, ಕಂಪ್ಯೂಟರಿನಲ್ಲಿ ರಿಕವರಿ ಸಾಫ್ಟ್‌ವೇರ್ ಓಡಿಸಿ. ನಮ್ಮಣ್ಣನ ಮಗಳ ನಾಮಕರಣದ ಫೋಟೊ ಹೀಗೇ ಅರ್ಧ ಸಿಕ್ಕಿತು, ಅರ್ಧ ಹೋಯಿತು. ಮನೆಯಲ್ಲಿ ಇನ್ನೂ ಮಾತು ಕೇಳುತ್ತೇನೆ. ಅಂದಿನಿಂದ ಎರಡು ಹಾರ್ಡ್ ಡಿಸ್ಕಿಗೆ ಹಾಕಿದ ಮೇಲೆಯೇ ಕಾರ್ಡು ಖಾಲಿ. ಒಂದು ಡಿಸ್ಕು ತಂಗಿಯ ಮನೆಯಲ್ಲಿದೆ.

ಫೋಟೊ ಸಂಖ್ಯೆ 9999 ಆದ ಮೇಲೆ ಮತ್ತೆ ಒಂದರಿಂದ ಶುರುವಾಯಿತು!

ಸಹಜ. ಹೆಸರಿನಲ್ಲಿ ನಾಲ್ಕೇ ಅಂಕಿಗೆ ಜಾಗ. ತಿಂಗಳಿಗೊಂದು ಫೋಲ್ಡರ್ ಮಾಡಿಕೊಳ್ಳಿ, ಇಲ್ಲದಿದ್ದರೆ ಹೊಸ 0001 ಹಳೇ 0001ರ ಮೇಲೆ ಕೂರುತ್ತದೆ. ಕ್ಯಾಮೆರಾದ ಗಡಿಯಾರ ಸರಿ ಇದೆಯಾ ಎಂದೂ ನೋಡಿ.

ವಾಟ್ಸಾಪಿನಲ್ಲಿ ಕಳಿಸಿದರೆ ಕೆಡುತ್ತದೆ.

ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಅದು ಹಿಂಡಿ ಕಳಿಸುತ್ತದೆ.

ಸಂತೆಯಲ್ಲಿ, ಜಾತ್ರೆಯಲ್ಲಿ ಜನರ ಫೋಟೊ ಕೇಳಿ ತೆಗೆಯಬೇಕಾ, ಕೇಳದೆಯಾ?

ಕೇಳಿದರೆ ಎಲ್ಲರೂ ನೆಟ್ಟಗೆ ನಿಲ್ಲುತ್ತಾರೆ, ಮುಖದ ಸಹಜತೆ ಹೋಗುತ್ತದೆ ಎನ್ನುವುದು ನಿಜ. ಆದರೂ ನಾನು ಕೇಳುತ್ತೇನೆ. ಮೊದಲು ಎರಡು ಮಾತು, ಕಾಲು ಕೆಜಿ ಬೀನ್ಸು, ಆಮೇಲೆ ಕ್ಯಾಮೆರಾ. ನೆಟ್ಟಗೆ ನಿಂತದ್ದನ್ನು ತೆಗೆದು ಅವರಿಗೆ ತೋರಿಸಿ, ಅಲ್ಲೇ ನಿಲ್ಲಿ. ಅವರು ಮತ್ತೆ ತಕ್ಕಡಿ ಎತ್ತಿದಾಗ ನಿಮ್ಮ ಫೋಟೊ ಬರುತ್ತದೆ. ಬೇಡ ಅಂದರೆ ಬೇಡ. ಮಕ್ಕಳದ್ದಾದರೆ ಅಪ್ಪ ಅಮ್ಮನನ್ನು ಕೇಳಲೇಬೇಕು.

ಸಾಧ್ಯವಾದರೆ 4×6ರ ಪ್ರಿಂಟ್ ಹಾಕಿಸಿ ಮುಂದಿನ ಸಂತೆಗೆ ಒಯ್ದು ಕೊಡಿ. ಬಾಳೆಹಣ್ಣು ಮಾರುವ ಅಜ್ಜಿಯೊಬ್ಬರಿಗೆ ಹೀಗೆ ಕೊಟ್ಟಾಗ ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ‘ಕಪ್ಪಗೆ ಬಂದಿದೀನಲ್ಲ’ ಅಂದರು. ನೋಡಿದೆ. ಹಿಂದಿದ್ದ ಗೋಡೆ ಬಿಳಿ, ನಾನು ಪ್ಲಸ್ ಹಾಕಿರಲಿಲ್ಲ.